ಒಂದು ದೋಣಿಗೆ ಎರಡು ಬ್ಯಾಟರಿ

ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಗೇಣುದ್ದದ ಒಂದು ಕೆಂಪು ತಂತಿ ನೇತಾಡುತ್ತಿದೆ. ಕೆಂಪು ಅಂದೆನಲ್ಲ, ಅದು ಒಂದು ತುದಿಯಲ್ಲಿ ಮಾತ್ರ. ಮಿಕ್ಕದ್ದೆಲ್ಲ ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಕಪ್ಪಗೆ ಸುರುಟಿಕೊಂಡಿದೆ. ಬೇರೆ ಮನೆಗಳಲ್ಲಿ ಮಗನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಏರಿಸುತ್ತಾರೆ. ನಮ್ಮಮ್ಮ ಇದನ್ನು ಏರಿಸಿದ್ದಾಳೆ. ಬಂದವರು ಯಾರಾದರೂ “ಅದೇನಕ್ಕಾ ಅದು?” ಎಂದರೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ, “ನನ್ ಮಗ ಡಿಪ್ಲೊಮಾ ಮಾಡವ್ನಲ್ಲ, ಅದ್ರ ಗುರ್ತು” ಎನ್ನುತ್ತಾಳೆ.

ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಈಗ ಇಲ್ಲ. ಈಗ ಬಂದವರು ಕೇಳದಿದ್ದರೆ ನಾನೇ ಎದ್ದು, ಗಾಳಿ ಬರಲಿ ಎಂಬ ನೆಪದಲ್ಲಿ ಆ ಬಾಗಿಲನ್ನು ಎರಡು ಸಲ ತೆಗೆದು ಹಾಕುತ್ತೇನೆ. ನೀವಂತೂ ಕೇಳಿಯೇ ಕೇಳುವವರು ಎಂಬ ನಂಬಿಕೆಯಲ್ಲಿ ಶುರು ಮಾಡುತ್ತಿದ್ದೇನೆ.

ಹೊಟ್ಟೆಪಾಡಿಗೆ ನಾನು ಬಂಗಾರಪೇಟೆಯಲ್ಲಿ ಬ್ಯಾಟರಿ ಆಟೋ ರಿಪೇರಿ ಮಾಡುವ ಅಂಗಡಿಯೊಂದರ ಮೆಕ್ಯಾನಿಕ್. ಹುಟ್ಟಿನಿಂದ ಮಿಮಿಕ್ರಿಯವನು. ಸ್ಟೇಷನ್ನಿನಲ್ಲಿ ರೈಲು ತಡವಾಗಿದೆ ಎಂದು ಮೂರು ಭಾಷೆಯಲ್ಲಿ ಕ್ಷಮೆ ಕೇಳುವ ಹೆಂಗಸಿನ ದನಿಯನ್ನು, ಮೂರರಲ್ಲೂ ಇರುವ ಅದೇ ಉದಾಸೀನದ ಸಮೇತ, ನಾನು ಮಾಡಿ ತೋರಿಸಬಲ್ಲೆ. ಒಂದು ಮಧ್ಯಾಹ್ನ ಅಂಗಡಿಯವರ ಮುಂದೆ ನಮ್ಮ ಓನರ್ ಫೋನಿನಲ್ಲಿ ಗಿರಾಕಿಯನ್ನು ಸಮಾಧಾನ ಮಾಡುವ ಪರಿಯನ್ನು ಮಾಡುತ್ತಿದ್ದೆ: “ಆಯ್ತು ಸಾರ್, ಸಂಜೆ ಒಳಗೆ ಸಾರ್, ದೇವರಾಣೆ ಸಾರ್!” ಎಲ್ಲರೂ ಉರುಳಾಡಿ ನಗುತ್ತಿದ್ದವರು ಇದ್ದಕ್ಕಿದ್ದಂತೆ ಮೌನವಾದರು. ನನ್ನ ಕಲೆ ಈಗ ನಗುವನ್ನೂ ದಾಟಿದ ಎತ್ತರ ಮುಟ್ಟಿತು ಎಂದುಕೊಂಡೆ. ಹಿಂದೆ ಓನರ್ ನಿಂತಿದ್ದರು. ಅವರು ಬೈಯಲಿಲ್ಲ. “ದೇವರಾಣೆ ಅನ್ನೋವಾಗ ನಾನು ಅಷ್ಟು ಬೇಗ ಅನ್ನಲ್ಲ ಕಣಯ್ಯ. ಸ್ವಲ್ಪ ತಡೆದು ಅಂತೀನಿ. ಇನ್ನೊಂದ್ಸಲ ಮಾಡು” ಎಂದರು. ಅವತ್ತಿನಿಂದ ಸಿಟ್ಟಾದ ಗಿರಾಕಿಗಳ ಫೋನನ್ನೆಲ್ಲ ಅವರ ದನಿಯಲ್ಲಿ ನಾನೇ ಎತ್ತುತ್ತಿದ್ದೇನೆ.

ಇಷ್ಟೆಲ್ಲ ದನಿ ಮಾಡುವ ನನಗೆ ಕಷ್ಟವಾಗುವುದು ನಮ್ಮ ತಾತನ ದನಿ. ತಾತ ಮಾತಾಡುವುದೇ ಕಡಿಮೆ. ಆಡುವ ಒಂದು ಮಾತಿನಲ್ಲೂ ಕನ್ನಡದಲ್ಲಿ ಹೊರಟು, ತೆಲುಗಿನಲ್ಲಿ ಉಸಿರು ತೆಗೆದುಕೊಂಡು, ತಮಿಳಿನಲ್ಲಿ ಇಳಿಯುತ್ತಾನೆ. ಅವನು ಕೆಲಸಕ್ಕಿದ್ದದ್ದು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಲ್ಯಾಂಪ್‌ರೂಮಿನಲ್ಲಿ. ಗಣಿಗೆ ಇಳಿಯುವವರೆಲ್ಲ ಮೊದಲು ಅವನ ಕಿಟಕಿಗೆ ಬಂದು ದೀಪ ತೆಗೆದುಕೊಳ್ಳಬೇಕಿತ್ತು. ದೀಪ ತಲೆಯ ಟೋಪಿಯ ಮೇಲೆ, ಅದರ ಸೀಸದ ಬ್ಯಾಟರಿ ಸೊಂಟದ ಪಟ್ಟಿಯಲ್ಲಿ. ಪಾಳಿ ಮುಗಿಸಿ ಮೇಲೆ ಬಂದವರು ದೀಪ ವಾಪಸ್ ಕೊಡುತ್ತಿದ್ದರು. ತಾತ ಆಸಿಡ್ ನೋಡಿ, ನೀರು ಹಾಕಿ, ಚಾರ್ಜಿಗೆ ಇಡುತ್ತಿದ್ದ. ಇಡೀ ನೌಕರಿಯಲ್ಲಿ ಅವನು ಗಣಿಯ ತಳ ಕಂಡವನಲ್ಲ. ನಾನು ಅದಕ್ಕೂ ಬಿಟ್ಟಿರಲಿಲ್ಲ. “ಚಿನ್ನದ ಗಣೀಲಿ ದುಡಿದು ಚಿನ್ನಾನೇ ನೋಡದೆ ಬಂದೋನು ನೀನೊಬ್ನೇ ತಾತ” ಎನ್ನುತ್ತಿದ್ದೆ. “ನೋಡಕ್ಕೆ ಕೆಳಗಿಳಿದೋರ್ಗೆ ಬೆಳಕು ಕೊಟ್ಟೋನು ನಾನು. ಪೋರಾ ಕೋತಿ” ಎನ್ನುತ್ತಿದ್ದ.

ಅವನ ಖಾಕಿ ಪ್ಯಾಂಟುಗಳ ತುಂಬ ಆಸಿಡ್ ಹನಿಯ ತೂತುಗಳು. ಗಣಿ ಮುಚ್ಚಿದ ಎಷ್ಟೋ ವರ್ಷದ ಮೇಲೂ ಅವನು ಆ ಪ್ಯಾಂಟುಗಳನ್ನು ಬಿಡಲಿಲ್ಲ. ಅಮ್ಮ ಒಗೆದು ತಂತಿಯ ಮೇಲೆ ಹರವಿದಾಗ ನಾನು ಕೆಳಗೆ ನಿಂತು ಸೂರ್ಯನನ್ನು ನೋಡುತ್ತಿದ್ದೆ. ಹಗಲಲ್ಲೇ ನಕ್ಷತ್ರ! ದೊಡ್ಡವು, ಸಣ್ಣವು, ಮೊಣಕಾಲಿನ ಹತ್ತಿರ ಒತ್ತಾಗಿ ಏಳೆಂಟು. ಗಾಳಿ ಬಂದರೆ ಆಕಾಶವೇ ಅಲ್ಲಾಡುತ್ತಿತ್ತು. ಸ್ಕೂಲಿನಲ್ಲಿ ಮೇಷ್ಟ್ರು ಸಪ್ತರ್ಷಿ ಮಂಡಲ ಎಲ್ಲಿ ಕಾಣುತ್ತದೆ ಎಂದು ಕೇಳಿದಾಗ “ನಮ್ಮ ತಾತನ ಪ್ಯಾಂಟಲ್ಲಿ ಸಾರ್” ಎಂದು ಹೇಳಿ ಬೆಂಚಿನ ಮೇಲೆ ನಿಂತವನು ನಾನು. ಸುಳ್ಳು ಹೇಳಿರಲಿಲ್ಲ.

ಎಲ್ಲಿಗೋ ಬಂದೆ. ದೋಣಿಯ ಮಾತು ಹೇಳಬೇಕಿತ್ತು.

ದೋಣಿ ನಮ್ಮ ನಾಣಿ ಚಿಕ್ಕಪ್ಪನದು. ಅವನದು ಅಂದರೆ ಅವನದಲ್ಲ. ಬಂಗಾರಪೇಟೆಗೆ ಹತ್ತಿರದ ನಮ್ಮೂರಿನ ಕೆರೆಯಲ್ಲಿ ಮೀನು ಸಾಕುವ ಹತ್ತಾರು ಜನರ ಸಂಘದ್ದು. ನೋಡಿಕೊಳ್ಳುವವನು ಚಿಕ್ಕಪ್ಪ. ಕೆರೆಯಲ್ಲಿ ವರ್ಷವಿಡೀ ನೀರು ನಿಲ್ಲುವಂತಾದ ಮೇಲೆ ಸಂಘಕ್ಕೆ ಫೈಬರ್ ದೋಣಿ ಬಂತು. ಬೆಳಿಗ್ಗೆ ಮೀನಿಗೆ ಮೇವು ಹಾಕುವುದು, ಬಲೆ ಬಿಡುವುದು, ಎಳೆಯುವುದು ಎಲ್ಲ ಚಿಕ್ಕಪ್ಪನೇ. ಅದಕ್ಕೂ ಮೊದಲು ತೆಪ್ಪದಲ್ಲೇ ಬೆಳೆದವನು. ನೆಲದ ಮೇಲೆ ಅವನು ಅಷ್ಟೇನೂ ಉಪಯೋಗದ ಮನುಷ್ಯನಲ್ಲ, ಬಾಗಿಲು ಎಡವುತ್ತಾನೆ, ಬಸ್ಸು ತಪ್ಪಿಸಿಕೊಳ್ಳುತ್ತಾನೆ, ನೀರಿಗಿಳಿದರೆ ರಾಜ.

ಒಂದು ದಿನ ಕೂಲಿಗೆಂದು ಲಾರಿಗೆ ಮೂಟೆ ತುಂಬಲು ಹೋಗಿ ಮೇಲಿನಿಂದ ಬಿದ್ದ. ಮೂಳೆ ಕೂಡಿತು, ಆದರೆ ಬಲಗೈ ಕಿವಿಯಿಂದ ಮೇಲೆ ಏಳುವುದನ್ನು ಬಿಟ್ಟಿತು. ತಲೆ ಬಾಚುವುದು ಎಡಗೈಯಲ್ಲಾಯಿತು. ಬೈತಲೆ ದಿನಕ್ಕೊಂದು ದಾರದಷ್ಟು ಜರುಗುತ್ತ ಜರುಗುತ್ತ ಇನ್ನೊಂದು ಪಕ್ಕಕ್ಕೇ ಹೋಯಿತು. “ಚಿಕ್ಕಪ್ಪ, ನಿನ್ ಬೈತಲೆ ಗಡಿ ದಾಟಿ ಆಂಧ್ರಕ್ಕೆ ಓಯ್ತಲ್ಲೋ” ಎಂದರೆ ನಗುತ್ತಿದ್ದ. ಹುಟ್ಟು ಹಾಕುವಾಗ ಮಾತ್ರ ನಗುತ್ತಿರಲಿಲ್ಲ. ಅರ್ಧ ಕೆರೆಗೆ ಬರುವಷ್ಟರಲ್ಲಿ ಹಲ್ಲು ಕಚ್ಚುತ್ತಿದ್ದ.

ಸಂಘದ ಹಿರಿಯ ಎಂಕಟಪ್ಪ ಇದನ್ನು ಗಮನಿಸಿದ. ಕೆಟ್ಟವನಲ್ಲ. ಆದರೆ ಹತ್ತು ಮನೆಯ ಮೀನು ಆ ದೋಣಿಯ ಮೇಲೆ ನಿಂತಿತ್ತು. ಒಂದು ಸಂಜೆ ಕಟ್ಟೆಯ ಮೇಲೆ ಎಲ್ಲರ ಮುಂದೆ ಹೇಳಿಬಿಟ್ಟ.

“ನಾಣಿ, ಬೇಜಾರು ಮಾಡ್ಕಬೇಡ ಕಣ್ಲಾ. ಕೈ ಆಗಲ್ಲ ಅಂದ್ರೆ ದೋಣಿ ಇನ್ನೊಬ್ರಿಗೆ ಕೊಡಾಣ. ನೀನು ದಡದಾಗೆ ಬಲೆ ಒಲಿ, ಕೂತ್ಕೊಂಡು ಮಾಡೋ ಕೆಲ್ಸ.”

“ಬ್ಯಾಟ್ರಿ ಮೋಟ್ರು ಆಕ್ತೀನಿ ಅಣ್ಣ.”

“ಆಕು. ಬರೋ ಸೋಮ್ವಾರ ಒದ್ದೆ ಬಲೆ ತುಂಬ್ಕೊಂಡು ಒಬ್ನೇ ಆ ದಡಕ್ಕೋಗಿ ಈ ದಡಕ್ಕೆ ಬಾ. ಹುಟ್ಟು ಮುಟ್ಟಂಗಿಲ್ಲ. ಬಂದ್ರೆ ದೋಣಿ ನಿಂದೇ.”

ಚಿಕ್ಕಪ್ಪ ಅವತ್ತು ಸೀದಾ ನಮ್ಮ ಮನೆಗೆ ಬಂದ. ಊಟ ಮಾಡಲಿಲ್ಲ. “ಬಲೆ ಒಲಿ ಅಂತಾನೆ ಮಂಜ. ದಡದಾಗೆ ಕೂತು!” ಎಂದ. ಜೈಲಿಗೆ ಹೋಗು ಎಂದಿದ್ದರೂ ಆ ಮುಖ ಹಾಗಾಗುತ್ತಿರಲಿಲ್ಲ.

ಇಲ್ಲಿ ನನ್ನ ಪ್ರವೇಶ. ಸಿನಿಮಾದ ಹೀರೋಗೆ ಇರುವ ಹಾಡಿಲ್ಲ, ಹೊಗೆ ಉಂಟು. ಹೊಗೆ ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ.

ಚಿಕ್ಕಪ್ಪ ಹಿಂಬದಿಗೆ ಸಿಕ್ಕಿಸುವ ಒಂದು ಸಣ್ಣ ಮೋಟಾರು ಸಂಪಾದಿಸಿದ್ದ. ಅದಕ್ಕೆ ತನ್ನಲ್ಲಿದ್ದ ಟ್ರ್ಯಾಕ್ಟರಿನ ಸೀಸದ ಬ್ಯಾಟರಿ ಕಟ್ಟಿದ್ದ. ಅದು ಒಬ್ಬ ಆಳಿನ ಭಾರ. ಅರ್ಧ ಕೆರೆಗೆ ಸುಸ್ತಾಗುತ್ತಿತ್ತು. ನಾನು ಅಂಗಡಿಯಲ್ಲಿ ಬಿಡುವಾದಾಗ ನಾಲ್ಕು ಲಿಥಿಯಂ ಸೆಲ್ ಜೋಡಿಸಿ, ತೊಂದರೆ ಕಂಡರೆ ತಾನೇ ಕರೆಂಟು ಕಡಿಯುವ ಕಾವಲು ಬೋರ್ಡು ಕೂರಿಸಿ, ಒಂದು ಬ್ಯಾಟರಿ ಕಟ್ಟಿದ್ದೆ. ಒಂದೇ ಕೈಯಲ್ಲಿ ಎತ್ತಬಹುದು. ಅದನ್ನು ನಾನು ಮಗುವಿನ ಹಾಗೆ ಎತ್ತಿಕೊಂಡು ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಅರ್ಧ ಟಿಕೆಟ್ ಕೇಳಲಿಲ್ಲ ಅಷ್ಟೇ. ಆದರೆ ಅದೊಂದರಿಂದಲೂ ಒದ್ದೆ ಬಲೆಯ ಭಾರ ಹೊತ್ತು ಪೂರ್ತಿ ಹೋಗಿ ಬರುವುದು ಅನುಮಾನವಿತ್ತು. ಎರಡೂ ಇದ್ದರೆ ಸಾಕಾಗುತ್ತಿತ್ತು.

“ಎರಡನ್ನೂ ಸೇರ್ಸಿಬಿಟ್ರೆ?” ಎಂದ ಚಿಕ್ಕಪ್ಪ.

“ಅದೇನ್ ಮಹಾ! ನಾನಿದ್ದೀನಲ್ಲ” ಎಂದೆ. ಈ ಮಾತನ್ನು ಯಾರ ದನಿಯಲ್ಲಿ ಹೇಳಿದೆನೋ, ನನ್ನದಲ್ಲ.

ಬಂಗಾರಪೇಟೆಯ ಆಟೋ ಸ್ಟ್ಯಾಂಡಿನಲ್ಲಿ ಒಂದು ಪದ್ಧತಿಯಿದೆ. ಒಂದು ಆಟೋ ಬ್ಯಾಟರಿ ಸತ್ತರೆ ಪಕ್ಕದ ಆಟೋದಿಂದ ಎರಡು ತಂತಿ ಎಳೆದು ಮುಟ್ಟಿಸುತ್ತಾರೆ. ಸತ್ತದ್ದು ಎದ್ದು ಕೂರುತ್ತದೆ. ಇದಕ್ಕೆ ಡಿಪ್ಲೊಮಾ ಬೇಡ. ಒಂದು ಬೀಡಿ ಸೇದುವಷ್ಟು ಹೊತ್ತು ಸಾಕು. ನಾನೂ ದಿನಕ್ಕೆ ಹತ್ತು ಸಲ ಮಾಡುತ್ತೇನೆ. ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇರುವಾಗ ನಾನೂ ಚಿಕ್ಕಪ್ಪನೂ ಪರೀಕ್ಷೆಗೆಂದು ಕೆರೆಗಿಳಿದೆವು. ಸೀಸದ ಬ್ಯಾಟರಿಯಲ್ಲಿ ಹೊರಟೆವು. ನಡು ಕೆರೆಯಲ್ಲಿ ಅದು ಎಂದಿನಂತೆ ಕುಸಿಯಿತು. ನಾನು ಎದ್ದು ನಿಂತು, ದಡದವರಿಗೂ ಕಾಣಲಿ ಎಂದು ತೋಳು ಮಡಿಸಿ, ನನ್ನ ತುಂಬಿದ ಲಿಥಿಯಮ್ಮಿನಿಂದ ಆ ಬರಿದಾದ ಸೀಸಕ್ಕೆ, ಆಟೋ ಸ್ಟ್ಯಾಂಡಿನ ಪದ್ಧತಿಯಂತೆ, ತಂತಿ ಕೊಟ್ಟೆ.

ಚಟ್ ಎಂದಿತು. ಹಸಿದು ಬಿದ್ದಿದ್ದ ಸೀಸ ನನ್ನ ಲಿಥಿಯಂನಿಂದ ಒಂದೇ ಉಸಿರಿಗೆ ಹೀರತೊಡಗಿತು. ಲಿಥಿಯಮ್ಮೋ ಕೇಳಿದಷ್ಟು ಕೊಡುವ ಜಾತಿ, ಎಣಿಸುವುದಿಲ್ಲ. ನಡುವೆ ಸಿಕ್ಕಿಕೊಂಡದ್ದು ನನ್ನ ಬಡ ಕೆಂಪು ತಂತಿ. ಅದು ಕಾದು, ಮೆದುವಾಗಿ, ಹೊಗೆಯಾಡಿತು. ನಾನು ಅದನ್ನು ಕಿತ್ತು ದೋಣಿಯೊಳಗೇ ಬಿಸಾಡಿ ಕುಣಿದೆ. ಕುಣಿತದಲ್ಲಿ ಇದ್ದ ಒಂದೇ ಸ್ಪ್ಯಾನರ್ ನೀರಿಗೆ ಬಿತ್ತು. ಕಾವಲು ಬೋರ್ಡು ಅಷ್ಟರಲ್ಲಿ ಕರೆಂಟು ಕಡಿದು ಲಿಥಿಯಂ ಉಳಿಸಿಕೊಂಡಿತ್ತು. ಆದರೆ ಸೀಸಕ್ಕೆ ಬೋಲ್ಟು ಹಾಕಿದ್ದ ಮೋಟಾರಿನ ತಂತಿಯನ್ನು ಸ್ಪ್ಯಾನರ್ ಇಲ್ಲದೆ ಬಿಚ್ಚಿ ಲಿಥಿಯಂಗೆ ಹಾಕುವುದು ಹೇಗೆ? ಒಂದು ಬ್ಯಾಟರಿ ತುಂಬಿದೆ, ಮೋಟಾರು ಚೆನ್ನಾಗಿದೆ, ಡಿಪ್ಲೊಮಾ ಮಾಡಿದವನೂ ಇದ್ದಾನೆ; ದೋಣಿ ಮಾತ್ರ ನಿಂತಿದೆ.

ಚಿಕ್ಕಪ್ಪ ಎಡಗೈಯಲ್ಲಿ ಹುಟ್ಟು ತೆಗೆದುಕೊಂಡ. ನಾನು ಮೇವಿನ ಡ್ರಮ್ಮಿನ ಮುಚ್ಚಳದಲ್ಲಿ ನೀರು ತಳ್ಳಿದೆ. ದಡದಿಂದ ಯಾರೋ “ಮಂಜಾ, ಈಗ ಯಾರ್ದು ಮಿಮಿಕ್ರಿ ಮಾಡ್ತಿದ್ದೀಯಲೇ, ಬಾತುಕೋಳೀದಾ?” ಎಂದು ಕೂಗಿದರು. ಎಲ್ಲರ ಕಾಲೆಳೆದವನಿಗೆ ಎಲ್ಲರೂ ಒಂದೇ ದಿನ ಬಾಕಿ ತೀರಿಸಿದರು.

ಮನೆಗೆ ಬಂದಾಗ ತಾತ ಜಗುಲಿಯಲ್ಲಿದ್ದ. ಅಮ್ಮ ಸುಟ್ಟ ತಂತಿಯನ್ನು ಕಸಕ್ಕೆ ಎಸೆಯುವ ಮೊದಲೇ ಅವನು ಅದನ್ನು ಕೈಗೆ ತೆಗೆದುಕೊಂಡು ಮೂಸಿದ. ನಾನು ಬೈಗುಳಕ್ಕೆ ಬೆನ್ನು ಕೊಟ್ಟು ನಿಂತೆ.

“ನಿನ್ ಬ್ಯಾಟ್ರಿ ಆರೋವಾಗ ಎಂಗೆ ಆರ್ತದೆ?” ಎಂದ.

“ಆರೋವಾಗ? ಅದು ಚೆನ್ನಾಗಿ ಉರೀತದೆ ತಾತ, ವೋಲ್ಟೇಜು ಒಂದು ಚೂರೂ…”

“ಉರಿಯೋದು ಎಲ್ಲಾನೂ ಉರೀತದೆ. ಆರೋದು ಎಂಗೆ ಅಂದೆ.”

ನನಗೆ ಗೊತ್ತಿರಲಿಲ್ಲ. ನಾನೇ ಕಟ್ಟಿದ ಬ್ಯಾಟರಿ. ಅದು ತುಂಬಿದ್ದನ್ನು ಮಾತ್ರ ನೋಡಿ ಎದೆಯುಬ್ಬಿಸಿದ್ದೆ.

ಲ್ಯಾಂಪ್‌ರೂಮಿನಲ್ಲಿ ಅದೇ ಅವರ ಪದ್ಧತಿಯಂತೆ. ದೀಪವೊಂದು ಪ್ರಕಾಶವಾಗಿ ಹತ್ತಿದ ಮಾತ್ರಕ್ಕೆ ಅದನ್ನು ಕೆಳಗೆ ಕಳಿಸುತ್ತಿರಲಿಲ್ಲ. ಮೇಜಿನ ಮೇಲೆ ಉರಿಯಲು ಬಿಟ್ಟು, ಅದು ಸಾಯುವುದನ್ನು ಕೂತು ನೋಡಿ, ಆಮೇಲೆ ನಂಬುತ್ತಿದ್ದರು. ಮಾರನೆಯ ಬೆಳಿಗ್ಗೆ ತಾತ ಎರಡೂ ಬ್ಯಾಟರಿಯನ್ನು ತುಂಬಿಸಿ ಜಗುಲಿಯಲ್ಲಿ ಇಡಿಸಿದ. ಒಂದೊಂದಕ್ಕೆ ಆಟೋದ ಹೆಡ್‌ಲೈಟ್ ಬಲ್ಬು ಹಾಕಿಸಿದ. ಮುದ್ದೆ ತಿನ್ನುವಾಗಲೂ ಕಣ್ಣು ಅಲ್ಲೇ. ಬಂದವರು “ಅಗಲೊತ್ನಲ್ಲಿ ದೀಪ ಯಾಕಯ್ಯ ಮುನಿಶಾಮಿ?” ಎಂದರೆ, “ಡ್ಯೂಟಿ” ಎನ್ನುತ್ತಿದ್ದ. ಎಷ್ಟೋ ವರ್ಷದ ಮೇಲೆ ಆ ಪದ ಅವನ ಬಾಯಲ್ಲಿ ಬಂದದ್ದು. ಬೆನ್ನು ಕೂಡ ನೆಟ್ಟಗಾಗಿತ್ತು.

ಸಂಜೆಯ ಹೊತ್ತಿಗೆ ಸೀಸದ ಬಲ್ಬು ಬಿಳಿ ಬಿಟ್ಟು ಹಳದಿಯಾಯಿತು. ಹಳದಿಯಿಂದ ಕೆಂಪಿಗೆ ಬಂತು. ನಮ್ಮ ಕಡೆಯ ಹಿರಿಯರು ಮದುವೆ ಮನೆಯಿಂದ ಹೊರಡುವುದನ್ನು ನೋಡಿದ್ದೀರಲ್ಲ, ಬತ್ತೀನಿ ಎಂದು ಎದ್ದು, ಎಲೆಯಡಿಕೆ ಹಾಕಿ, ಬಾಗಿಲಲ್ಲಿ ನಿಂತು ಇನ್ನೊಂದು ಗಂಟೆ ಮಾತಾಡಿ, ಆಮೇಲೆ ಮೆಟ್ಟು ಹುಡುಕುವುದು! ಹಾಗೆ ಹೋಯಿತು ಅದು. ನನ್ನ ಲಿಥಿಯಂ ಬಿಳಿ, ಬಿಳಿ, ಬಿಳಿ. ನಾನು “ನೋಡು ತಾತ” ಎಂದು ಬಾಯಿ ತೆರೆದೆ. ಟಪ್. ಕತ್ತಲೆ. ಹೇಳಲಿಲ್ಲ ಕೇಳಲಿಲ್ಲ, ಹಾಸ್ಟೆಲಿನಿಂದ ಗೋಡೆ ಹಾರಿ ಸಿನಿಮಾಕ್ಕೆ ಹೋದ ನನ್ನ ಹಾಗೆ.

“ಇದು ನಿನ್ ಜಾತಿ” ಎಂದ ತಾತ. “ಅದು ನಂದು. ಇಬ್ರುನ್ನೂ ಒಂದೇ ನೊಗಕ್ಕೆ ಕಟ್ಟಬಾರ್ದು. ಆದ್ರೆ ಇಬ್ರೂ ಬೇಕು.”

ಆಮೇಲೆ ಅವನು ಹೇಳಿದ್ದು, ನನಗೆ ಯಾವ ಪುಸ್ತಕದಲ್ಲೂ ಸಿಗದಿದ್ದದ್ದು. ಗಣಿಯ ಟೋಪಿ ದೀಪದೊಳಗೆ ಒಂದಲ್ಲ, ಎರಡು ಬಲ್ಬು ಇರುತ್ತಿದ್ದವು. ದೊಡ್ಡದೊಂದು, ಕಡಲೆ ಗಾತ್ರದ್ದೊಂದು. ಎರಡೂ ಒಟ್ಟಿಗೆ ಹತ್ತುತ್ತಿರಲಿಲ್ಲ. ಮೇಲಿನ ಗುಂಡಿಯನ್ನು ತಿರುಗಿಸಿದರೆ ಇದು, ಇನ್ನೊಂದು ಕಡೆಗೆ ತಿರುಗಿಸಿದರೆ ಅದು.

“ದೊಡ್ಡದು ಕೆಲ್ಸ ಮಾಡೋಕ್ಕೆ. ಚಿಕ್ಕದು ಮನೇಗ್ ಬರೋಕ್ಕೆ” ಎಂದ ತಾತ. “ಚಿಕ್ಕದ್ರಲ್ಲಿ ಯಾವೋನೂ ಕೆಲ್ಸ ಮಾಡಂಗಿಲ್ಲ. ಮುಟ್ಟಿದ ಅಂದ್ರೆ ಮೇಲಕ್ಕೆ ಬಂದುಬಿಡಬೇಕು.”

ಮುಂದಿನದು ಕೈಕೆಲಸ. ಆಂಡರ್ಸನ್‌ಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ದಪ್ಪ ಹಿಡಿಯ ಚೇಂಜ್‌ಓವರ್ ಸ್ವಿಚ್ಚು ಹುಡುಕಿ ತಂದೆ. ಎಡಕ್ಕೆ ತಿರುಗಿಸಿದರೆ ಲಿಥಿಯಂ, ಬಲಕ್ಕೆ ಸೀಸ, ನಡುವೆ ಎರಡೂ ಇಲ್ಲ. ಎರಡೂ ಒಟ್ಟಿಗೆ ಎಂಬ ಜಾಗವೇ ಅದರಲ್ಲಿಲ್ಲ. ಹೆಬ್ಬೆರಳು ದಪ್ಪದ ತಂತಿ, ಒಂದೊಂದಕ್ಕೂ ಬೇರೆ ಫ್ಯೂಸು, ದಡದಲ್ಲಿ ಒಂದೊಂದಕ್ಕೂ ಅದರದೇ ಚಾರ್ಜರು. ತಾತ ಜಗುಲಿಯಿಂದಿಳಿದು ಬಂದು ನಾನು ಹಾಕಿದ ಪ್ರತಿ ಗಂಟನ್ನೂ ಹಿಡಿದು ಎಳೆದ. ಮೂರು ಬಿಚ್ಚಿಕೊಂಡವು. “ಡಿಪ್ಲೊಮಾ!” ಎಂದ, ಅಮ್ಮನ ದನಿಯಲ್ಲಿ. ನಮ್ಮ ಮನೆತನದಲ್ಲಿ ಮಿಮಿಕ್ರಿ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತು. ಸೀಸವನ್ನು ಮಾತ್ರ ದಿನವೂ ತಾನೇ ಚಾರ್ಜಿಗೆ ಇಟ್ಟ. ಅದನ್ನು ಹಸಿದ ಹೊಟ್ಟೆಯಲ್ಲಿ ಮಲಗಿಸಿದರೆ ಒಳಗೇ ಗಟ್ಟಿಯಾಗಿ ಮತ್ತೆ ಏಳುವುದಿಲ್ಲವಂತೆ. ಲಿಥಿಯಂ ಅರ್ಧ ಹೊಟ್ಟೆಯಲ್ಲೂ ಹಾಯಾಗಿ ಮಲಗುತ್ತದೆ ಎಂದು ನಾನು ಹೇಳಿದೆ. “ನಿನ್ನಂಗಲ್ಲ ಬಿಡು” ಎಂದಳು ಅಮ್ಮ, ನನ್ನ ತಟ್ಟೆಗೆ ಮೂರನೆಯ ಮುದ್ದೆ ಹಾಕುತ್ತ.

ಸೋಮವಾರ ಬೆಳಿಗ್ಗೆ ಕಟ್ಟೆಯ ಮೇಲೆ ಊರಿನ ಅರ್ಧ ಜನ. ಎಂಕಟಪ್ಪ ಕೋಡಿಯ ಕಲ್ಲಿನ ಮೇಲೆ ನ್ಯಾಯಾಧೀಶರಂತೆ ಕೂತಿದ್ದ. ಒದ್ದೆ ಬಲೆಯನ್ನು ಸಂಘದವರೇ ತುಂಬಿದರು, ಸ್ವಲ್ಪ ಧಾರಾಳವಾಗಿಯೇ. ಹುಟ್ಟನ್ನು ತೆಗೆದು ದಡಕ್ಕೆ ಹಾಕಿದರು. ಚಿಕ್ಕಪ್ಪ ಒಬ್ಬನೇ ಹತ್ತಿ, ಎಡಗೈಯಲ್ಲಿ ಸ್ವಿಚ್ಚು ಎಡಕ್ಕೆ ತಿರುಗಿಸಿದ.

ದೋಣಿ ಹೋಯಿತು ನೋಡಿ! ಸದ್ದಿಲ್ಲ, ಹೊಗೆಯಿಲ್ಲ. ನೀರಿನ ಮೇಲೆ ಗೆರೆ ಎಳೆದ ಹಾಗೆ ಆ ದಡ ಮುಟ್ಟಿ, ತಿರುಗಿತು. “ನನ್ ಬ್ಯಾಟ್ರಿ” ಎಂದೆ ಪಕ್ಕದವನಿಗೆ. ಅವನು ಕೇಳಿರಲಿಲ್ಲ. ಇನ್ನೊಬ್ಬನಿಗೂ ಹೇಳಿದೆ. ಎಂಕಟಪ್ಪನಿಗೆ ಹೇಳಲು ಎರಡು ಹೆಜ್ಜೆ ಇಟ್ಟಿದ್ದೆ.

ಬರುವಾಗ ಎದುರುಗಾಳಿ ಎದ್ದಿತು. ಬಲೆ ಭಾರ. ಕೆರೆಯ ಮುಕ್ಕಾಲು ಪಾಲು ದಾಟಿದ ಮೇಲೆ, ಅದೇ ವೇಗದಲ್ಲಿ ಬರುತ್ತಿದ್ದ ದೋಣಿ, ಟಪ್ಪೆಂದು ನಿಂತಿತು. ಗಾಳಿ ಅದರ ಮೂತಿಯನ್ನು ಪಕ್ಕಕ್ಕೆ ತಿರುಗಿಸತೊಡಗಿತು. ಕಟ್ಟೆಯ ಮೇಲೆ ಯಾರೋ “ಓಯ್ತು” ಎಂದರು. ನಾನು ಬಾಯಿಗೆ ಕೈ ಅಡ್ಡ ಹಿಡಿದು “ಬಲಕ್ಕೆ! ಬಲಕ್ಕೆ ತಿರುಗ್ಸು!” ಎಂದು ಕೂಗಲು ಹೊರಟೆ. ತಾತ ನನ್ನ ಮಣಿಕಟ್ಟು ಹಿಡಿದ. ಎಂಬತ್ತರ ಕೈ, ಇಕ್ಕಳದಂತೆ.

“ಕೂಗ್ಬೇಡ. ದೀಪ ಕೊಟ್ಟ ಮ್ಯಾಲೆ ಕೂಗ್ಬಾರ್ದು.”

ದೋಣಿಯಲ್ಲಿ ಚಿಕ್ಕಪ್ಪ ಅವಸರ ಮಾಡಲಿಲ್ಲ. ಬಲೆಯ ಮೇಲೆ ಬಗ್ಗಿದ. ಎಡಗೈ ಚಾಚಿದ. ಅಷ್ಟೇ ಕಂಡದ್ದು. ಆಮೇಲೆ ಹಿಂದಿನ ನೀರು ಸ್ವಲ್ಪ ಕದಡಿತು. ಪಕ್ಕಕ್ಕೆ ಹೊರಳಿದ್ದ ಮೂತಿ ನಿಧಾನವಾಗಿ ನಮ್ಮ ಕಡೆಗೆ ಬಂತು. ಸೀಸ ಹೆಜ್ಜೆ ಇಟ್ಟಿತ್ತು. ಬಂತು, ಬಂತು, ಇನ್ನೂ ಬರುತ್ತಲೇ ಇತ್ತು. ಕೊನೆಗೊನೆಗೆ ಎಷ್ಟು ನಿಧಾನವೆಂದರೆ ಅದರ ಪಕ್ಕದಲ್ಲಿ ಈಜುತ್ತಿದ್ದ ನೀರುಕೋಳಿಯೊಂದು ಬೇಸತ್ತು ಮುಂದೆ ಹೋಯಿತು. ತಾತ ನನ್ನ ಕೈ ಬಿಟ್ಟಿದ್ದು ದೋಣಿ ದಡದ ಮಣ್ಣಿಗೆ ತಾಗಿದ ಮೇಲೆಯೇ.

ಎಂಕಟಪ್ಪ ಕಲ್ಲಿನಿಂದೆದ್ದು ಬಂದ. ದೋಣಿ ನೋಡಿದ, ಬಲೆ ನೋಡಿದ, ಬೆವರಿನಲ್ಲಿ ಬೈತಲೆಯೆಲ್ಲ ಅಳಿಸಿಹೋಗಿದ್ದ ಚಿಕ್ಕಪ್ಪನನ್ನು ನೋಡಿದ.

“ಅಲ್ಲ ಕಣ್ಲಾ ನಾಣಿ, ಕೊನೆಗೆ ಅದೇನು ಗಬ್ಬದ ಎಮ್ಮೆ ನಡೆದಂಗೆ ಬಂತು?”

“ಬಂತಲ್ಲಣ್ಣ” ಎಂದ ಚಿಕ್ಕಪ್ಪ.

ಎಂಕಟಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿಗಿಳಿದು, ಬಲೆಯ ಒಂದು ತುದಿ ಹಿಡಿದ. ಚಿಕ್ಕಪ್ಪನ ಬಲಗೈಯ ಪಕ್ಕದ ತುದಿ.

“ಎಳೀಲಾ ಮತ್ತೆ. ನಾಳೆ ಬೆಳಿಗ್ಗೆ ಮೇವಿನ ಮೂಟೆ ಬತ್ತದೆ, ದೋಣಿ ಬೇಗ ತೆಗಿ.”